ಪರಿಪೂರ್ಣ ಸಂಖ್ಯೆಯ ಅಪವರ್ತನ ಹುಡುಕೋದು ಹೇಗೆ? ಮರ್ಸೆನ್ ಅವಿಭಾಜ್ಯದ ದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ತಿಪಟೂರಿನ ನಮ್ಮ ಮನೆ ಜಗುಲಿಯಲ್ಲಿ ಸಂಜೆ ಹೊತ್ತು ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ವರ್ಷಕ್ಕೆ ಒಂದು ಸಲವಾದರೂ ಯಾರೋ ಒಬ್ಬರು 8128ರ ಅಪವರ್ತನಗಳನ್ನು 1ರಿಂದ ಶುರುಮಾಡಿ ಒಂದೊಂದಾಗಿ ಭಾಗಿಸುತ್ತಾ ಕೂತಿರುತ್ತಾರೆ. ಅರ್ಧ ಗಂಟೆ ಆದಮೇಲೆ "ಮಿಸ್, ಇದಕ್ಕೆ ಬೇರೆ ದಾರಿ ಇಲ್ವಾ?" ಎಂದು ಕೇಳುತ್ತಾರೆ. ಇದೆ. ಆ ದಾರಿಯಲ್ಲಿ ಹೋದರೆ ಅಪವರ್ತನ ಹುಡುಕುವ ಕೆಲಸವೇ ಇರುವುದಿಲ್ಲ. ಮಕ್ಕಳು, ಅವರ ಅಪ್ಪ ಅಮ್ಮ, ಕೆಲವು ಸಲ ಬೇರೆ ಶಾಲೆಯ ಮೇಷ್ಟ್ರುಗಳೂ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಪರಿಪೂರ್ಣ ಸಂಖ್ಯೆ ಅಂದ್ರೆ ಏನು?

ಒಂದು ಸಂಖ್ಯೆಯನ್ನು ಶೇಷ ಉಳಿಯದ ಹಾಗೆ ಭಾಗಿಸುವ ಸಂಖ್ಯೆಗಳೆಲ್ಲ ಅದರ ಅಪವರ್ತನಗಳು. ಆ ಸಂಖ್ಯೆಯನ್ನು ಮಾತ್ರ ಬಿಟ್ಟು ಉಳಿದ ಅಪವರ್ತನಗಳನ್ನು ಕೂಡಿ. ಮೊತ್ತ ಅದೇ ಸಂಖ್ಯೆಯಾದರೆ ಅದು ಪರಿಪೂರ್ಣ.

6 ತಗೊಳ್ಳಿ: 1 + 2 + 3 = 6. ಸರಿಯಾಯಿತು. 10 ತಗೊಳ್ಳಿ: 1 + 2 + 5 = 8. ಎರಡು ಕಡಿಮೆ ಬಿತ್ತು. 12 ತಗೊಳ್ಳಿ: 1 + 2 + 3 + 4 + 6 = 16. ನಾಲ್ಕು ಜಾಸ್ತಿ ಆಯಿತು. ಹೆಚ್ಚಿನ ಸಂಖ್ಯೆಗಳೆಲ್ಲ ಹೀಗೆ ಒಂದೋ ಕಡಿಮೆ, ಇಲ್ಲವೇ ಜಾಸ್ತಿ. ಸರಿಯಾಗಿ ಕೂರುವುದು ಬಲು ಅಪರೂಪ. ಮೊದಲ ನಾಲ್ಕು ಪರಿಪೂರ್ಣ ಸಂಖ್ಯೆಗಳು 6, 28, 496, 8128. ಐದನೆಯದಕ್ಕೆ ಮೂರು ಕೋಟಿ ದಾಟಬೇಕು: 33550336.

ನಮ್ಮ ಪುಸ್ತಕದಲ್ಲಿ "ಅಪವರ್ತನಗಳ ಮೊತ್ತ ಆ ಸಂಖ್ಯೆಯ ಎರಡರಷ್ಟು" ಅಂತಿದೆ. ಯಾವುದು ಸರಿ?

ಎರಡೂ ಒಂದೇ. ಪುಸ್ತಕದವರು ಆ ಸಂಖ್ಯೆಯನ್ನೂ ಸೇರಿಸಿ ಕೂಡಿದ್ದಾರೆ, ಅಷ್ಟೇ. 1 + 2 + 3 + 6 = 12, ಅಂದರೆ 6ರ ಎರಡರಷ್ಟು.

1 ಪರಿಪೂರ್ಣ ಸಂಖ್ಯೆಯಾ?

ಅಲ್ಲ. ಅದನ್ನು ಬಿಟ್ಟರೆ ಕೂಡಲು ಏನೂ ಉಳಿಯುವುದಿಲ್ಲ.

ಮರ್ಸೆನ್ ಅವಿಭಾಜ್ಯ ಅಂದ್ರೆ?

ಇದಕ್ಕೆ ನಾನು ಯಾವಾಗಲೂ ತಕ್ಕಡಿ ತರುತ್ತೇನೆ. ನಮ್ಮ ಮಾವನವರು ಕೊಬ್ಬರಿ ವ್ಯಾಪಾರ ಮಾಡಿದವರು. ಅವರ ಹಳೇ ತಕ್ಕಡಿ, ತೂಕದ ಕಲ್ಲು ಇನ್ನೂ ಅಟ್ಟದ ಮೇಲಿವೆ. ಅಂಗಡಿ ಕಲ್ಲುಗಳು 1, 2, 5, 10, 20 ಕೆಜಿ ಹೀಗೆ ಇರುತ್ತವೆ. ಅದರ ಬದಲು ಪ್ರತಿ ಕಲ್ಲೂ ಹಿಂದಿನದರ ದುಪ್ಪಟ್ಟು ಇದೆ ಅಂದುಕೊಳ್ಳಿ: 1, 2, 4, 8, 16. ಈ ಐದೇ ಕಲ್ಲಿನಲ್ಲಿ 1 ಕೆಜಿಯಿಂದ 31 ಕೆಜಿವರೆಗೆ ಯಾವ ತೂಕ ಬೇಕಾದರೂ ತೂಗಬಹುದು. 21 ಕೆಜಿ ಬೇಕಾ? 16, 4, 1 ಇಡಿ. ಎಲ್ಲ ಕಲ್ಲೂ ಇಟ್ಟರೆ 31.

32 ಯಾಕೆ ಬರಲಿಲ್ಲ? ಇನ್ನೊಂದು 1 ಕೆಜಿ ಕಲ್ಲು ಇದ್ದಿದ್ದರೆ ಬರುತ್ತಿತ್ತು. 1ಕ್ಕೆ 1 ಸೇರಿ 2, ಅದಕ್ಕೆ 2 ಸೇರಿ 4, ಅದಕ್ಕೆ 4 ಸೇರಿ 8, ಹೀಗೆ 32. ಆ ಒಂದು ಇಲ್ಲ, ಅದಕ್ಕೆ 31. ಅಂದರೆ 2ನ್ನು ಐದು ಸಲ ಇಟ್ಟು ಗುಣಿಸಿ, 1 ಕಳೆದರೆ 31. ಬರೆಯುವಾಗ 2⁵ − 1.

ಹೀಗೆ 2ರ ಘಾತದಿಂದ 1 ಕಳೆದು ಬರುವ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆ ಎಂದು ಹೆಸರು: 3, 7, 15, 31, 63, 127. ಇವುಗಳಲ್ಲಿ ಅವಿಭಾಜ್ಯವಾದವು, ಅಂದರೆ 1 ಮತ್ತು ತಾನು ಬಿಟ್ಟು ಬೇರೆ ಅಪವರ್ತನ ಇಲ್ಲದವು, ಮರ್ಸೆನ್ ಅವಿಭಾಜ್ಯಗಳು. 3, 7, 31, 127 ಆ ಗುಂಪಿನವು. 15 ಮತ್ತು 63 ಅಲ್ಲ. ಮಾರಿನ್ ಮರ್ಸೆನ್ ಫ್ರಾನ್ಸಿನ ಒಬ್ಬ ಪಾದ್ರಿ. 1644ರಲ್ಲಿ ಇವುಗಳ ಒಂದು ಪಟ್ಟಿ ಅಚ್ಚು ಹಾಕಿಸಿದರು. ಪಟ್ಟಿಯಲ್ಲಿ ತಪ್ಪುಗಳಿದ್ದವು. ಆದರೂ ಹೆಸರು ಅವರದೇ ಉಳಿಯಿತು.

ಸರಿ, ಇದರಿಂದ ಪರಿಪೂರ್ಣ ಸಂಖ್ಯೆಯ ಅಪವರ್ತನ ಹೇಗೆ ಬರುತ್ತದೆ?

ದುಪ್ಪಟ್ಟು ಮಾಡಲು ಬಂದರೆ ಸಾಕು. 31ನ್ನೇ ಹಿಡಿಯೋಣ. ಮೊದಲ ಸಾಲು 1ರಿಂದ ಶುರು. 31ಕ್ಕೆ ಐದು ಕಲ್ಲು ಬೇಕಾಗಿತ್ತು ಅಲ್ವಾ? ಐದೇ ಬರೆಯಿರಿ:

1, 2, 4, 8, 16

ಎರಡನೇ ಸಾಲು 31ರಿಂದ ಶುರು. ಅದೂ ಐದೇ:

31, 62, 124, 248, 496

ಮುಗಿಯಿತು. ಕೊನೆಗೆ ಬಂದ 496 ಪರಿಪೂರ್ಣ ಸಂಖ್ಯೆ. ಅದರ ಹಿಂದಿರುವ ಒಂಬತ್ತೂ ಅದರ ಅಪವರ್ತನಗಳು. ಇವು ಬಿಟ್ಟು ಬೇರೆ ಇಲ್ಲ. ಒಂದು ಭಾಗಾಕಾರವನ್ನೂ ಮಾಡಲಿಲ್ಲ ನೋಡಿ.

127ರಿಂದ 8128 ಬರುತ್ತದೆ. 127 ಅಂದರೆ 2⁷ − 1, ಹಾಗಾಗಿ ಸಾಲಿಗೆ ಏಳು:

1, 2, 4, 8, 16, 32, 64
127, 254, 508, 1016, 2032, 4064, 8128

ಅರ್ಧ ಗಂಟೆ ಭಾಗಿಸುತ್ತಾ ಕೂತ ಹುಡುಗನಿಗೆ ಇದನ್ನು ತೋರಿಸಿದರೆ ಖುಷಿಯಾಗುವುದಿಲ್ಲ, ಸಿಟ್ಟು ಬರುತ್ತದೆ. "ಮೊದಲೇ ಹೇಳಬಾರದಾ ಮಿಸ್?" ಅಂತಾನೆ. ಮೊದಲೇ ಹೇಳಿದರೆ ಇದರ ಬೆಲೆ ಗೊತ್ತಾಗುವುದಿಲ್ಲ ಎಂದು ನಾನು ಬೇಕಂತಲೇ ಸುಮ್ಮನಿರುತ್ತೇನೆ.

ಕೂಡಿದಾಗ ಅಷ್ಟು ಸರಿಯಾಗಿ ಯಾಕೆ ಬರುತ್ತದೆ? ಇದರಲ್ಲಿ ಏನಾದರೂ ಕಣ್ಕಟ್ಟು ಇದೆಯಾ?

ಇಲ್ಲ. ಮೇಲಿನ ಎರಡು ಸಾಲನ್ನು ಎಡದಿಂದ ಕೂಡುತ್ತಾ ಹೋಗಿ, ತಾನಾಗಿ ಕಾಣುತ್ತದೆ.

ಮೊದಲ ಸಾಲಿನ ಮೊತ್ತ 31. ಎರಡನೇ ಸಾಲಿನ ಮೊದಲ ಸಂಖ್ಯೆಯೂ 31. ಎರಡೂ ಸೇರಿ 62. ಮುಂದಿನ ಸಂಖ್ಯೆ ಏನು? 62. ಸೇರಿಸಿ, 124 ಆಯಿತು. ಮುಂದಿನದು 124. ಸೇರಿಸಿ, 248. ಮುಂದಿನದು 248. ಸೇರಿಸಿ, 496. ಅಲ್ಲಿಗೆ ನಿಲ್ಲಿಸಿ.

ಅಂದರೆ ಇಲ್ಲಿಯವರೆಗೆ ಕೂಡಿದ್ದು ಎಷ್ಟೋ, ಮುಂದೆ ನಿಂತಿರುವ ಸಂಖ್ಯೆಯೂ ಅಷ್ಟೇ. ಮೊದಲ ಸಾಲಿಗೆ ಒಂದು ಕಡಿಮೆ ಬಿದ್ದಿತ್ತು, ಅದಕ್ಕೇ 32ರ ಬದಲು 31 ಆಗಿತ್ತು. ಎರಡನೇ ಸಾಲು 32ರಿಂದ ಶುರುವಾಗದೆ 31ರಿಂದ ಶುರುವಾಗುವುದರಿಂದ ಆ ಕೊರತೆ ಅಲ್ಲಿ ಸರಿಹೋಗುತ್ತದೆ. ಇಡೀ ಗುಟ್ಟು ಇಷ್ಟೇ. 28ಕ್ಕೂ ಹೀಗೇ: 1 + 2 + 4 = 7, 7 + 7 = 14, 14 + 14 = 28.

ಹೀಗೆ ದುಪ್ಪಟ್ಟಾಗುತ್ತಾ ಹೋಗುವ ಸಾಲಿಗೆ ಗುಣೋತ್ತರ ಶ್ರೇಢಿ ಎಂದು ಹೆಸರು. ನಮ್ಮವರಿಗೆ ಇದು ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬರೆದ ಮಹಾವೀರಾಚಾರ್ಯರ 'ಗಣಿತಸಾರ ಸಂಗ್ರಹ'ದಲ್ಲಿ ಇಂಥ ಸಾಲುಗಳ ಮೊತ್ತ ತೆಗೆಯುವ ಲೆಕ್ಕ ಇದೆ.

ಬೇರೆ ಅಪವರ್ತನ ಇಲ್ಲ ಅಂತ ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?

496 = 2 × 2 × 2 × 2 × 31. ಇದರ ಯಾವ ಅಪವರ್ತನವೂ ಈ ಐದರಲ್ಲಿ ಕೆಲವನ್ನು ಆರಿಸಿಕೊಂಡು ಗುಣಿಸಿದ್ದೇ ಆಗಿರಬೇಕು. 2ನ್ನು ಒಂದೂ ತಗೊಳ್ಳದೇ ಇರಬಹುದು, ಅಥವಾ ನಾಲ್ಕರವರೆಗೆ ತಗೊಳ್ಳಬಹುದು. ಅಲ್ಲಿಗೆ ಐದು ಆಯ್ಕೆ. 31ನ್ನು ತಗೊಳ್ಳಬಹುದು, ಬಿಡಬಹುದು. ಎರಡು ಆಯ್ಕೆ. ಒಟ್ಟು ಹತ್ತು. 31 ಬಿಟ್ಟಾಗ ಮೊದಲ ಸಾಲು, ತಗೊಂಡಾಗ ಎರಡನೇ ಸಾಲು.

31 ಅವಿಭಾಜ್ಯ ಆಗಿರಲೇಬೇಕು ಎನ್ನುವುದು ಇಲ್ಲೇ. ಅದು ಒಡೆಯುವ ಸಂಖ್ಯೆಯಾಗಿದ್ದರೆ ಅದರ ಚೂರುಗಳು ಹೊಸ ಅಪವರ್ತನಗಳಾಗಿ ನುಗ್ಗುತ್ತಿದ್ದವು.

ಎಷ್ಟು ಅಪವರ್ತನ ಇವೆ ಅಂತ ಮಾತ್ರ ಕೇಳಿದರೆ?

ಮರ್ಸೆನ್ ಅವಿಭಾಜ್ಯದಲ್ಲಿ 2ರ ಮೇಲೆ ಕೂತ ಘಾತಸೂಚಿಯನ್ನು ದುಪ್ಪಟ್ಟು ಮಾಡಿ. 2⁷ − 1ರಿಂದ ಬಂದ 8128ಕ್ಕೆ 14. ಆ ಸಂಖ್ಯೆಯನ್ನೇ ಬಿಡಬೇಕು ಎಂದರೆ 13. ಪರೀಕ್ಷೆಯಲ್ಲಿ ಯಾವುದನ್ನು ಕೇಳಿದ್ದಾರೆ ಎಂದು ಎರಡು ಸಲ ಓದಿ. ಮಾರ್ಕ್ಸ್ ಹೋಗುವುದು ಅಲ್ಲೇ.

ಉಲ್ಟಾ ಮಾಡೋಕಾಗುತ್ತಾ? ಸಂಖ್ಯೆ ಕೊಟ್ಟು "ಇದು ಪರಿಪೂರ್ಣವಾ, ಅಪವರ್ತನ ಬರೆಯಿರಿ" ಅಂದರೆ?

ಆಗುತ್ತದೆ. ಬೆಸ ಸಂಖ್ಯೆ ಸಿಗುವವರೆಗೆ ಅರ್ಧ ಮಾಡುತ್ತಾ ಹೋಗಿ. ಎಷ್ಟು ಸಲ ಅರ್ಧ ಮಾಡಿದಿರಿ ಎಂದು ಬೆರಳಲ್ಲಿ ಎಣಿಸಿಕೊಳ್ಳಿ.

ಒಂದು ಸಲ ತುಮಕೂರಿನಿಂದ ರೈಲಿನಲ್ಲಿ ವಾಪಸ್ ಬರುವಾಗ ಜೊತೆಗಿದ್ದ ಹುಡುಗಿಗೆ 33550336 ಕೊಟ್ಟೆ. ಟಿಕೆಟಿನ ಹಿಂದೆ ಬರೆಯುತ್ತಾ ಹೋದಳು. 16775168, 8387584, 4193792, 2096896, 1048448, 524224, 262112, 131056, 65528, 32764, 16382, 8191. ಗುಬ್ಬಿ ದಾಟುವಷ್ಟರಲ್ಲಿ ಮುಗಿಸಿದ್ದಳು. ಹನ್ನೆರಡು ಸಲ ಅರ್ಧ, ಉಳಿದದ್ದು 8191.

ಈಗ ಎರಡು ವಿಷಯ ನೋಡಬೇಕು. ಒಂದು: 8191ಕ್ಕೆ 1 ಕೂಡಿದರೆ 8192, ಅದು 2¹³. ಹನ್ನೆರಡು ಸಲ ಅರ್ಧ ಮಾಡಿದ್ದರೆ ಘಾತಸೂಚಿ ಅದಕ್ಕಿಂತ ಒಂದು ಜಾಸ್ತಿ, ಅಂದರೆ ಹದಿಮೂರೇ ಆಗಿರಬೇಕು. ಆಗಿದೆ. ಎರಡು: 8191 ಅವಿಭಾಜ್ಯವಾ? ಹೌದು, ಹೇಗೆಂದು ಮುಂದೆ ತೋರಿಸುತ್ತೇನೆ. ಎರಡೂ ಸರಿ ಬಂದರೆ ಸಂಖ್ಯೆ ಪರಿಪೂರ್ಣ. ಅಪವರ್ತನಗಳಲ್ಲಿ ಅರ್ಧ ಆಗಲೇ ಟಿಕೆಟಿನ ಹಿಂದೆ ಇವೆ! ಉಳಿದ ಅರ್ಧ 1ರಿಂದ 4096ರವರೆಗಿನ ದುಪ್ಪಟ್ಟಿನ ಸಾಲು. ಒಟ್ಟು 26.

ಇದೇ ರೀತಿ 120 ನೋಡಿ. 60, 30, 15. ಮೂರು ಸಲ ಅರ್ಧ, ಉಳಿದದ್ದು 15, ಅದು 2⁴ − 1. ಮೊದಲ ಷರತ್ತು ಸರಿಹೋಯಿತು. ಆದರೆ 15 ಅವಿಭಾಜ್ಯ ಅಲ್ಲ. ಹಾಗಾಗಿ 120 ಪರಿಪೂರ್ಣ ಅಲ್ಲ. ಅದರ ಎಲ್ಲ ಅಪವರ್ತನಗಳನ್ನು ಕೂಡಿದರೆ 360 ಬರುತ್ತದೆ, ಎರಡರಷ್ಟಲ್ಲ, ಮೂರರಷ್ಟು. ಅದೂ ಒಂದು ಸೊಗಸೇ, ಆದರೆ ಅದರ ಕತೆ ಬೇರೆ.

ಘಾತಸೂಚಿ ಅವಿಭಾಜ್ಯ ಆದರೆ ಸಾಕಲ್ವಾ? 2, 3, 5, 7 ಎಲ್ಲ ಸರಿ ಬಂದವು.

ಸಾಲದು. ಈ ತಪ್ಪು ಮಕ್ಕಳದ್ದು ಮಾತ್ರ ಅಲ್ಲ. ಅಚ್ಚಾದ ಒಂದು ಗೈಡಿನಲ್ಲೇ 2096128 ಪರಿಪೂರ್ಣ ಸಂಖ್ಯೆ ಎಂದು ಬರೆದಿದ್ದನ್ನು ನೋಡಿದ್ದೇನೆ. ಅವರು 11 ಅವಿಭಾಜ್ಯ ಎಂದು ನೋಡಿ, 1024 × 2047 ಮಾಡಿ ಮುಗಿಸಿದ್ದರು. 2047 ಅವಿಭಾಜ್ಯವಾ ಎಂದು ಯಾರೂ ನೋಡಿರಲಿಲ್ಲ.

2047 = 23 × 89.

ಏನಾಗುತ್ತದೆ ನೋಡಿ. 1ರ ಸಾಲು, 2047ರ ಸಾಲು ಎರಡನ್ನೂ ಕೂಡಿದರೆ ಈಗಲೂ ಸರಿಯಾಗಿ 2096128 ಬರುತ್ತದೆ. ಆದರೆ ಕರೆಯದೆ ಬಂದ ನೆಂಟರ ಹಾಗೆ ಇನ್ನೆರಡು ಸಾಲು ಬಂದು ಕೂತಿವೆ. 23, 46, 92 ಎಂದು ಒಂದು. 89, 178, 356 ಎಂದು ಇನ್ನೊಂದು. ಎರಡರಲ್ಲೂ ಹನ್ನೊಂದು ಹನ್ನೊಂದು ಸಂಖ್ಯೆ. 23ರ ಸಾಲಿನ ಮೊತ್ತ 23 × 2047 = 47081. 89ರ ಸಾಲಿನದು 89 × 2047 = 182183. ಅಂದರೆ ಮೊತ್ತ ಸರಿಯಾಗಿ 229264 ಜಾಸ್ತಿ ಆಗುತ್ತದೆ. ಪರಿಪೂರ್ಣ ಸಂಖ್ಯೆ ಎಷ್ಟರಿಂದ ತಪ್ಪಿತು ಎಂದೂ ಲೆಕ್ಕ ಹಾಕಬಹುದು. ನನಗೆ ಇದು 496ಕ್ಕಿಂತ ಇಷ್ಟವಾದ ಲೆಕ್ಕ.

11 ಒಂದೇ ಅಲ್ಲ. 23, 29, 37 ಇವೂ ಕೈಕೊಡುತ್ತವೆ. 2²³ − 1 = 47 × 178481. 2²⁹ − 1 = 233 × 1103 × 2089.

ಘಾತಸೂಚಿ ಅವಿಭಾಜ್ಯ ಅಲ್ಲದಿದ್ದರೆ?

ಆಗ ಪ್ರಯತ್ನವನ್ನೇ ಮಾಡಬೇಡಿ. 2⁶ − 1ನ್ನು ಕಂಪ್ಯೂಟರಿನ ಎರಡಂಕಿ ಪದ್ಧತಿಯಲ್ಲಿ (0 ಮತ್ತು 1 ಎರಡೇ ಅಂಕಿ, ಬಲದಿಂದ ಸ್ಥಾನಗಳ ಬೆಲೆ ನಮ್ಮ ಕಲ್ಲುಗಳ ಹಾಗೆ 1, 2, 4, 8) ಬರೆದರೆ 111111, ಆರು ಒಂದು. ಮೂರು ಮೂರರ ಗುಂಪು ಮಾಡಿ: 111 111. ಎರಡೂ ಗುಂಪು 111, ಅಂದರೆ 7. ಹಾಗಾಗಿ ಇಡೀ ಸಂಖ್ಯೆ 7ರಿಂದ ಭಾಗವಾಗುತ್ತದೆ. ಎರಡೆರಡರ ಗುಂಪು ಮಾಡಿದರೆ 11 11 11, ಆದ್ದರಿಂದ 3ರಿಂದಲೂ ಭಾಗವಾಗುತ್ತದೆ. ಆರನ್ನು ಸಮ ಗುಂಪು ಮಾಡಲು ಬಂದದ್ದೇ ಸಮಸ್ಯೆ. ಐದನ್ನೋ ಏಳನ್ನೋ ಹಾಗೆ ಗುಂಪು ಮಾಡಲು ಬರುವುದಿಲ್ಲ.

ಇದೇ ಪದ್ಧತಿಯಲ್ಲಿ 6 ಅಂದರೆ 110, 28 ಅಂದರೆ 11100, 496 ಅಂದರೆ 111110000. ಎಷ್ಟು ಒಂದು ಇವೆಯೋ ಅದಕ್ಕಿಂತ ಒಂದು ಕಡಿಮೆ ಸೊನ್ನೆ. 8128 ಹೇಗಿರುತ್ತದೆ ಎಂದು ನೀವೇ ಬರೆಯಿರಿ.

8191 ಅವಿಭಾಜ್ಯ ಅಂತ ತಿಳಿಯಲು 90ರವರೆಗೆ ಎಲ್ಲ ಅವಿಭಾಜ್ಯಗಳಿಂದ ಭಾಗಿಸಬೇಕಾ?

ಬೇಡ. 8191ರ ವರ್ಗಮೂಲ 90 ಚಿಲ್ಲರೆ, ಹಾಗಾಗಿ 90ರವರೆಗೆ ನೋಡಬೇಕು ಎನ್ನುವುದೇನೋ ನಿಜ. ಆದರೆ ಮರ್ಸೆನ್ ಸಂಖ್ಯೆಗೆ ಒಂದು ಅನುಕೂಲ ಇದೆ. ಘಾತಸೂಚಿ 13 ಆದರೆ, ಅದನ್ನು ಒಡೆಯಬಲ್ಲ ಅವಿಭಾಜ್ಯವನ್ನು 26ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಘಾತಸೂಚಿಯ ದುಪ್ಪಟ್ಟು 26, ಅದಕ್ಕೆ. ಅಂಥವು 90ರ ಒಳಗೆ ಯಾವು? 27, 53, 79. ಇದರಲ್ಲಿ 27 ಅವಿಭಾಜ್ಯ ಅಲ್ಲ. ಉಳಿದದ್ದು ಎರಡು.

ಇನ್ನೊಂದು ನಿಯಮ: ಒಡೆಯುವ ಅವಿಭಾಜ್ಯವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. 53ಕ್ಕೆ ಶೇಷ 5. ಅದನ್ನೂ ಬಿಡಿ. ಉಳಿದದ್ದು 79 ಒಂದೇ. 79 × 103 = 8137, ಶೇಷ 54. ಭಾಗವಾಗಲಿಲ್ಲ. ಒಂದೇ ಭಾಗಾಕಾರದಲ್ಲಿ 8191 ಅವಿಭಾಜ್ಯ ಎಂದು ತೀರ್ಮಾನ!

2047ಕ್ಕೆ ಹಾಕಿ ನೋಡಿ. 11ರ ದುಪ್ಪಟ್ಟು 22. ಶೇಷ 1 ಬರುವ ಮೊದಲ ಸಂಖ್ಯೆಯೇ 23. ಸಿಕ್ಕಿಬಿತ್ತು. 89 ಕೂಡ 22 × 4 + 1.

ತುಂಬಾ ದೊಡ್ಡ ಸಂಖ್ಯೆಗಳಿಗೂ ಹೀಗೇ ಮಾಡ್ತಾರಾ?

ಇಲ್ಲ. ಚಿಕ್ಕ ಅಪವರ್ತನ ಇದ್ದರೆ ಮೊದಲೇ ಹಿಡಿದುಹಾಕಲು ಮೇಲಿನ ನಿಯಮ ಬಳಸುತ್ತಾರೆ. ಆಮೇಲಿನ ಕೆಲಸಕ್ಕೆ ಬೇರೆ ಪರೀಕ್ಷೆ ಇದೆ. ಫ್ರಾನ್ಸಿನ ಎಡುವಾರ್ ಲ್ಯೂಕಾ 1870ರ ದಶಕದಲ್ಲಿ ಇದರ ದಾರಿ ತೋರಿಸಿದರು. ಅಮೆರಿಕದ ಡಿ. ಎಚ್. ಲೆಹ್ಮರ್ 1930ರ ದಶಕದಲ್ಲಿ ಅದನ್ನು ಸರಳ ಮಾಡಿದರು.

4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, ಮರ್ಸೆನ್ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಘಾತಸೂಚಿಗಿಂತ ಎರಡು ಕಡಿಮೆ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. 127ಕ್ಕೆ ಐದು ಸಲ: 14, 67, 42, 111, 0. ಬಂತು ಸೊನ್ನೆ. (ಘಾತಸೂಚಿ 2 ಆದಾಗ ಮಾತ್ರ ಇದು ನಡೆಯುವುದಿಲ್ಲ. 3 ಅವಿಭಾಜ್ಯ ಎಂದು ತಿಳಿಯಲು ಪರೀಕ್ಷೆ ಯಾಕೆ ಬೇಕು, ಬಿಡಿ.)

ವಿಚಿತ್ರ ಏನು ಗೊತ್ತಾ? ಸೊನ್ನೆ ಬರದಿದ್ದರೆ ಆ ಸಂಖ್ಯೆ ಒಡೆಯುತ್ತದೆ ಎಂದು ಗೊತ್ತಾಗುತ್ತದೆ, ಆದರೆ ಎಲ್ಲಿ ಒಡೆಯುತ್ತದೆ ಎಂದು ಗೊತ್ತಾಗುವುದಿಲ್ಲ. 2⁶⁷ − 1ರ ಕತೆ ಹೀಗೇ ಆಯಿತು. ಮರ್ಸೆನ್ ಅದನ್ನು ತಮ್ಮ ಪಟ್ಟಿಯಲ್ಲಿ ಅವಿಭಾಜ್ಯ ಎಂದು ಸೇರಿಸಿದ್ದರು. 1876ರಲ್ಲಿ ಲ್ಯೂಕಾ ಅದು ಅವಿಭಾಜ್ಯ ಅಲ್ಲ ಎಂದರು, ಅಪವರ್ತನ ಮಾತ್ರ ಯಾರ ಕೈಗೂ ಸಿಗಲಿಲ್ಲ. 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಗಣಿತಜ್ಞರ ಸಭೆಯಲ್ಲಿ ಅದನ್ನು ತೋರಿಸಿದರು. ಬಾಯಿಬಿಟ್ಟು ಒಂದು ಮಾತೂ ಆಡದೆ, ಬೋರ್ಡಿನ ಮೇಲೆ ಒಂದು ಕಡೆ 2⁶⁷ − 1 ಎಷ್ಟೆಂದು ಲೆಕ್ಕ ಮಾಡಿ, ಇನ್ನೊಂದು ಕಡೆ 193707721ನ್ನು 761838257287ರಿಂದ ಗುಣಿಸಿ ಹೋಗಿ ಕೂತರು ಎಂದು ಹೇಳುತ್ತಾರೆ. ಎರಡೂ ಕಡೆ ಉತ್ತರ 147573952589676412927.

ಇದನ್ನೆಲ್ಲ ಕಂಡುಹಿಡಿದವರು ಯಾರು?

ಎರಡು ಸಾಲಿನ ಉಪಾಯ ಯೂಕ್ಲಿಡ್‌ನದು. ಕ್ರಿಸ್ತಪೂರ್ವ 300ರ ಸುಮಾರಿಗೆ ಬರೆದ 'ಎಲಿಮೆಂಟ್ಸ್'ನ ಒಂಬತ್ತನೇ ಭಾಗದ 36ನೇ ಪ್ರಮೇಯ. 1, 2, 4 ಎಂದು ದುಪ್ಪಟ್ಟು ಮಾಡುತ್ತಾ ಕೂಡಿ, ಮೊತ್ತ ಅವಿಭಾಜ್ಯ ಆದಾಗ ಅದನ್ನು ಕೊನೆಯ ಸಂಖ್ಯೆಯಿಂದ ಗುಣಿಸು, ಪರಿಪೂರ್ಣ ಸಂಖ್ಯೆ ಬರುತ್ತದೆ ಎಂದು ಅಲ್ಲಿದೆ. ಮರ್ಸೆನ್ ಹುಟ್ಟುವುದಕ್ಕೆ ಹದಿನೆಂಟು ಶತಮಾನ ಮೊದಲು.

ಎಲ್ಲ ಪರಿಪೂರ್ಣ ಸಂಖ್ಯೆಗಳೂ ಇದೇ ದಾರಿಯಲ್ಲಿ ಬರುತ್ತವಾ?

ಸಮಸಂಖ್ಯೆಗಳೆಲ್ಲ ಹೌದು. ಇದನ್ನು ಸಾಧಿಸಿದ್ದು ಹದಿನೆಂಟನೇ ಶತಮಾನದಲ್ಲಿ ಆಯ್ಲರ್. ಪಿಯುಸಿ ಮಕ್ಕಳು ಕೇಳಿದರೆ ಹೀಗೆ ಹೇಳುತ್ತೇನೆ. ಸಂಖ್ಯೆಯನ್ನು ನಾಲ್ಕು ಸಲ ಅರ್ಧ ಮಾಡಿದಾಗ ಒಂದು ಬೆಸ ಸಂಖ್ಯೆ ಉಳಿಯಿತು ಅಂದುಕೊಳ್ಳಿ. ಇಡೀ ಸಂಖ್ಯೆಯ ಅಪವರ್ತನಗಳ ಮೊತ್ತ ಅಂದರೆ 31 ಗುಣಿಸು ಆ ಬೆಸ ಸಂಖ್ಯೆಯ ಅಪವರ್ತನಗಳ ಮೊತ್ತ. ಪರಿಪೂರ್ಣ ಆಗಬೇಕಾದರೆ ಇದು 32 ಗುಣಿಸು ಆ ಬೆಸ ಸಂಖ್ಯೆಗೆ ಸಮ ಇರಬೇಕು. 31ಕ್ಕೂ 32ಕ್ಕೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲ, ಹಾಗಾಗಿ ಬೆಸ ಸಂಖ್ಯೆ 31ರ ಮಡಿಯೇ ಆಗಿರಬೇಕು. 31 × ಕ ಅನ್ನೋಣ. ಆಗ ಅದರ ಅಪವರ್ತನಗಳ ಮೊತ್ತ 32 × ಕ. ಅಂದರೆ 31 × ಕ ಮತ್ತು ಕ, ಈ ಎರಡೇ ಸೇರಿ ಇಡೀ ಮೊತ್ತ ಆಗಿಬಿಟ್ಟಿತು. ಎರಡೂ ಅಪವರ್ತನಗಳೇ. ಮೂರನೆಯದಕ್ಕೆ ಜಾಗವೇ ಇಲ್ಲ. ಎರಡೇ ಅಪವರ್ತನ ಇರುವ ಸಂಖ್ಯೆ ಅವಿಭಾಜ್ಯ, ಅದರಲ್ಲಿ ಚಿಕ್ಕದು 1. ಆದ್ದರಿಂದ ಕ ಅಂದರೆ 1, ಉಳಿದದ್ದು 31. ನಾಲ್ಕು ಸಲದ ಬದಲು ಎಷ್ಟು ಸಲ ಅರ್ಧ ಮಾಡಿದರೂ ಇದೇ ಮಾತು.

ಬೆಸ ಪರಿಪೂರ್ಣ ಸಂಖ್ಯೆ ಇದೆಯಾ?

ಇಲ್ಲಿಯವರೆಗೆ ಒಂದೂ ಸಿಕ್ಕಿಲ್ಲ. ಇಲ್ಲವೇ ಇಲ್ಲ ಎಂದು ಯಾರೂ ಸಾಧಿಸಿಯೂ ಇಲ್ಲ. ಇದ್ದರೆ ಅದು 1ರ ಮುಂದೆ 1500 ಸೊನ್ನೆ ಇಟ್ಟ ಸಂಖ್ಯೆಗಿಂತ ದೊಡ್ಡದು ಎಂದು 2012ರಲ್ಲಿ ಒಕೆಮ್ ಮತ್ತು ರಾವ್ ತೋರಿಸಿದರು. ಪರೀಕ್ಷೆಯಲ್ಲಿ ಬೆಸ ಸಂಖ್ಯೆ ಕೊಟ್ಟು ಪರಿಪೂರ್ಣವಾ ಎಂದು ಕೇಳಿದರೆ ಧೈರ್ಯವಾಗಿ ಅಲ್ಲ ಅನ್ನಿ.

ಕೊನೆಯ ಅಂಕಿ 6, 8, 6, 8 ಅಂತ ಒಂದಾದ ಮೇಲೆ ಒಂದು ಬರುತ್ತದಂತೆ?

6 ಅಥವಾ 8 ಎನ್ನುವುದು ನಿಜ. ಒಂದಾದ ಮೇಲೆ ಒಂದು ಎನ್ನುವುದು ಸುಳ್ಳು. ಸುಮಾರು ಕ್ರಿಸ್ತಶಕ 100ರಲ್ಲಿದ್ದ ನಿಕೊಮಾಕಸ್ ಎಂಬ ಗ್ರೀಕ್ ಪಂಡಿತ ನಾಲ್ಕೇ ಪರಿಪೂರ್ಣ ಸಂಖ್ಯೆ ನೋಡಿ ಹಾಗೆ ಬರೆದಿಟ್ಟ. ಐದನೆಯದು 33550336, ಆರನೆಯದು 8589869056. ಎರಡರ ಕೊನೆಗೂ 6.

ಘಾತಸೂಚಿಯನ್ನು 4ರಿಂದ ಭಾಗಿಸಿ. ಶೇಷ 1 ಆದರೆ ಕೊನೆಗೆ 6, ಶೇಷ 3 ಆದರೆ ಕೊನೆಗೆ 28. ಘಾತಸೂಚಿ 2 ಆದಾಗ ಬರುವುದು 6 ಎಂಬ ಸಂಖ್ಯೆಯೇ.

ಈವರೆಗೆ ಎಷ್ಟು ಗೊತ್ತಿವೆ?

52 ಮರ್ಸೆನ್ ಅವಿಭಾಜ್ಯಗಳು, ಹಾಗಾಗಿ 52 ಪರಿಪೂರ್ಣ ಸಂಖ್ಯೆಗಳು. ಕೊನೆಯದು 2024ರ ಅಕ್ಟೋಬರಿನಲ್ಲಿ ಸಿಕ್ಕಿತು. ಅಮೆರಿಕದ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದದ್ದು. ಘಾತಸೂಚಿ 136279841. ಮರ್ಸೆನ್ ಅವಿಭಾಜ್ಯದಲ್ಲಿ 41024320 ಅಂಕಿಗಳಿವೆ, ಅದರಿಂದ ಬರುವ ಪರಿಪೂರ್ಣ ಸಂಖ್ಯೆಯಲ್ಲಿ 8 ಕೋಟಿಗೂ ಜಾಸ್ತಿ. ಇಷ್ಟು ದೊಡ್ಡ ಸಂಖ್ಯೆಯ ಅಪವರ್ತನಗಳೂ ನಮ್ಮ ಎರಡು ಸಾಲೇ. ಒಟ್ಟು 272559682, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

1996ರಿಂದ ಜಿಂಪ್ಸ್ ಎಂಬ ಒಂದು ಗುಂಪು ಈ ಹುಡುಕಾಟ ನಡೆಸುತ್ತಿದೆ. ಯಾರು ಬೇಕಾದರೂ ತಮ್ಮ ಕಂಪ್ಯೂಟರ್ ಸೇರಿಸಬಹುದು. ಇವು ಅನಂತವಾಗಿ ಇವೆಯಾ ಎನ್ನುವುದನ್ನು ಇನ್ನೂ ಯಾರೂ ಸಾಧಿಸಿಲ್ಲ.

ಇದರಿಂದ ಏನು ಉಪಯೋಗ ಮೇಡಂ?

ಇದನ್ನು ಕೇಳುವವರು ಮಕ್ಕಳಲ್ಲ, ಕರೆದುಕೊಂಡು ಹೋಗಲು ಬಂದ ಅಪ್ಪಂದಿರು. ಪರಿಪೂರ್ಣ ಸಂಖ್ಯೆಯಿಂದ ಕೊಬ್ಬರಿ ರೇಟು ಏರುವುದಿಲ್ಲ. ಮರ್ಸೆನ್ ಅವಿಭಾಜ್ಯ ಹುಡುಕುವ ಪ್ರೋಗ್ರಾಮನ್ನು ಹೊಸ ಕಂಪ್ಯೂಟರಿನ ತಾಕತ್ತು ಪರೀಕ್ಷೆ ಮಾಡಲು ಓಡಿಸುತ್ತಾರೆ, ಅದು ನಿಜ. ಮನೆಯಲ್ಲಿ ಉಪಯೋಗ ಬೇಕಾದರೆ ಇದನ್ನು ಮಾಡಿ ನೋಡಿ: 496ರ ಒಂಬತ್ತು ಅಪವರ್ತನಗಳನ್ನು ತೂಕದ ಕಲ್ಲು ಅಂದುಕೊಳ್ಳಿ. ಅವುಗಳಲ್ಲಿ 1ರಿಂದ 496ರವರೆಗೆ ಯಾವ ತೂಕವನ್ನಾದರೂ ತೂಗಬಹುದು. 300 ಬೇಕಾ? 248, 31, 16, 4, 1. ಎಲ್ಲ ಕಲ್ಲೂ ಇಟ್ಟರೆ ಸರಿಯಾಗಿ 496.

ಮನೆಯಲ್ಲಿ ನಾನೇ ಮಾಡಿ ನೋಡಲು ಒಂದು ಕೊಡಿ.

ಆರನೆಯದನ್ನು ಮಾಡಿ. 2¹⁷ − 1 = 131071. ವರ್ಗಮೂಲ 362 ಚಿಲ್ಲರೆ. 17ರ ದುಪ್ಪಟ್ಟು 34. 34ರಿಂದ ಶೇಷ 1 ಬರುವ ಅವಿಭಾಜ್ಯಗಳು 103, 137, 239, 307. 307ನ್ನು 8ರಿಂದ ಭಾಗಿಸಿದರೆ ಶೇಷ 3, ಅದನ್ನು ಬಿಡಿ. ಮೂರು ಭಾಗಾಕಾರ ಉಳಿಯಿತು. 103ರಿಂದ ಭಾಗಿಸಿದರೆ ಶೇಷ 55. 137ರಿಂದ 99. 239ರಿಂದಲೂ 99.

ಇಲ್ಲಿಗೆ ಬಂದಾಗ ಪ್ರತಿ ಬ್ಯಾಚಿನಲ್ಲೂ ಯಾರಾದರೂ "ಮಿಸ್, ನಾನು ತಪ್ಪು ಮಾಡಿದೀನಿ, ಎರಡು ಸಲ ಒಂದೇ ಶೇಷ ಬಂತು" ಅಂತಾರೆ. ತಪ್ಪಲ್ಲ. 131071ರಲ್ಲಿ 99 ಕಳೆದರೆ 130972. ಅದು 4 × 137 × 239. ಮೂರರಿಂದಲೂ ಭಾಗವಾಗಲಿಲ್ಲ, ಹಾಗಾಗಿ 131071 ಅವಿಭಾಜ್ಯ. ಇನ್ನು ಎರಡು ಸಾಲು ಎಳೆಯಿರಿ, ಒಂದೊಂದರಲ್ಲೂ ಹದಿನೇಳು. ಎರಡನೇ ಸಾಲಿನ ಕೊನೆಗೆ 8589869056 ಬರದಿದ್ದರೆ ಎಲ್ಲೋ ದುಪ್ಪಟ್ಟು ಮಾಡುವಾಗ ದಶಕ ಬಿಟ್ಟಿದ್ದೀರಿ.